ಎರಡು ದಿನದಲ್ಲಿ ನ್ಯೂ ಇಂಗ್ಲೆಂಡ್ ಫಾಲ್ ಕಲರ್ಸ್: ಅಪ್ಪ-ಅಮ್ಮನ ಜೊತೆ ಎಲ್ಲಿಗೆ ಹೋಗಬಹುದು?

ತುಂಗಾತೀರ · ಸೆಪ್ಟೆಂಬರ್ 21, ಸಂಜೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್‌ನಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಶ್ರೂಸ್‌ಬರಿಯಲ್ಲಿ. ತೀರ್ಥಹಳ್ಳಿಯಿಂದ ಅಪ್ಪ-ಅಮ್ಮ ಬಂದಿದ್ದಾರೆ, ಅಕ್ಟೋಬರ್ ಕೊನೆಗೆ ವಾಪಸ್ ಹೊರಡುತ್ತಾರೆ. ಅಷ್ಟರಲ್ಲಿ ಅವರಿಗೆ ಫಾಲ್ ಕಲರ್ಸ್, ಅಂದರೆ ಉದುರುವ ಮುಂಚಿನ ಇಲ್ಲಿನ ಎಲೆಗಳ ಬಣ್ಣ ತೋರಿಸಲೇಬೇಕು ಅಂತ ಆಸೆ. ಮನೆ ಎದುರಿನ ಒಂದು ಮೇಪಲ್ ಮರದ ತುದಿ ಕೆಂಪಾಗಿರುವುದನ್ನೇ ಅಮ್ಮ ದಿನಾ ಕಿಟಕಿಯಲ್ಲಿ ನಿಂತು ನೋಡುತ್ತಾರೆ.

ನಮಗೆ ಸಿಗುವುದು ಎರಡೇ ದಿನ, ಒಂದು ರಾತ್ರಿ. ಕೊಲಂಬಸ್ ಡೇ (ಅಕ್ಟೋಬರ್‌ನ ಎರಡನೇ ಸೋಮವಾರ) ಮುಗಿದ ಮೇಲಿನ ಮಂಗಳವಾರ, ಬುಧವಾರ ರಜೆ ಹಾಕಬಹುದು. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಆಗುವುದಿಲ್ಲ. ಅಪ್ಪ ಚೆನ್ನಾಗಿ ನಡೆಯುತ್ತಾರೆ. ಮಗಳಿಗೆ ಆರು ವರ್ಷ. ಎಲ್ಲರಿಗೂ ಹೊಂದುವ ಜಾಗ ಯಾವುದು? ಅಷ್ಟು ಹೊತ್ತಿಗೆ ಬಣ್ಣ ಉಳಿದಿರುತ್ತಾ? ಅನುಭವ ಇರುವವರು ದಯವಿಟ್ಟು ಹೇಳಿ.

ನ್ಯಾಶುವಾದಿಂದ · ಸೆಪ್ಟೆಂಬರ್ 21, ರಾತ್ರಿ

ನನ್ನ ಓಟು ನ್ಯೂ ಹ್ಯಾಂಪ್‌ಶೈರ್‌ನ ಕ್ಯಾಂಕಮಾಗಸ್ ಹೈವೇಗೆ. ರೂಟ್ 112. ಇಲ್ಲಿನವರು ಸುಮ್ನೆ 'ಕ್ಯಾಂಕ್' ಅಂತಾರೆ. ಲಿಂಕನ್‌ನಿಂದ ಕಾನ್ವೇವರೆಗೆ 34.5 ಮೈಲಿ, ಪೂರ್ತಿ ವೈಟ್ ಮೌಂಟನ್ಸ್ ಕಾಡಿನ ಒಳಗೆ. ನಿಲ್ಲಿಸದೆ ಹೋದರೆ ಒಂದು ಗಂಟೆಯ ದಾರಿ. ಹಾಗೆ ಹೋಗಬೇಡಿ, ಅರ್ಧ ದಿನ ಇಟ್ಟುಕೊಳ್ಳಿ.

ನಿಮ್ಮ ಊರಿನಿಂದ ಬೆಳಗ್ಗೆ 6ಕ್ಕೆ ಹೊರಟರೆ 9ರ ಹೊತ್ತಿಗೆ ಲಿಂಕನ್ ಹತ್ತಿರ ಇರುತ್ತೀರಿ. ಆದರೆ ಲಿಂಕನ್‌ನಲ್ಲಿ ಇಳಿದುಬಿಡಬೇಡಿ. ಹೈವೇ 93ರಲ್ಲೇ ಸ್ವಲ್ಪ ಮುಂದೆ ಹೋದರೆ ಫ್ರಾಂಕೋನಿಯಾ ನಾಚ್ ಅನ್ನುವ ಬೆಟ್ಟದ ಕಣಿವೆ ಸಿಗುತ್ತದೆ. ಅಲ್ಲಿ 'ದಿ ಬೇಸಿನ್' ಅಂತ ಒಂದು ಜಾಗ. ಪಾರ್ಕಿಂಗ್‌ನಿಂದ ಸ್ವಲ್ಪವೇ ನಡಿಗೆ, ಅಮ್ಮನಿಗೆ ತೊಂದರೆ ಆಗುವುದಿಲ್ಲ. ಪೆಮಿಜವಾಸೆಟ್ ನದಿ ಗ್ರಾನೈಟ್ ಬಂಡೆಯನ್ನು ಕೊರೆದು ರುಬ್ಬುವ ಒರಳಿನ ಹಾಗೆ ದುಂಡಗೆ ಮಾಡಿದೆ. ಸುಮಾರು 30 ಅಡಿ ಅಗಲ. ಮೇಲಿಂದ ಬಿದ್ದ ನೀರು ಅದರೊಳಗೆ ಸುತ್ತು ಹೊಡೆದು ಹೊರಗೆ ಹೋಗುತ್ತದೆ. ಅಕ್ಟೋಬರ್‌ನಲ್ಲಿ ನೀರಿಗೆ ಬಿದ್ದ ಮೇಪಲ್ ಎಲೆಗಳು ಅಂಚಿನಲ್ಲೇ ಸುತ್ತುತ್ತವೆ. ಒಂದು ಎಲೆ ಹೊರಗೆ ಹೋಯಿತು ಅನ್ನುವಾಗ ಮತ್ತೆ ಒಳಕ್ಕೆ ಬರುತ್ತದೆ. ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ.

ಅದೇ ದಾರಿಯಲ್ಲಿ ಫ್ಲೂಮ್ ಗಾರ್ಜ್ ಅನ್ನುವ ಕಿರಿದಾದ ಕಲ್ಲಿನ ಕಂದರ ಇದೆ, ಎಲ್ಲರೂ ಹೇಳುತ್ತಾರೆ. ಜಾಗ ಚೆನ್ನಾಗಿದೆ, ನಿಜ. ಆದರೆ ಎರಡು ಮೈಲಿ ಸುತ್ತು, ತುಂಬಾ ಮೆಟ್ಟಿಲು. ಅಮ್ಮನನ್ನು ಕರೆದುಕೊಂಡು ಬೇಡ.

ಆಮೇಲೆ ಲಿಂಕನ್‌ಗೆ ವಾಪಸ್ ಬಂದು ಕ್ಯಾಂಕ್ ಹತ್ತಿ. ದಾರಿ ಮೇಲಕ್ಕೆ ಹೋಗುತ್ತಾ ಬೆಟ್ಟ ದಾಟುವ ಕ್ಯಾಂಕಮಾಗಸ್ ಪಾಸ್ ಬರುತ್ತದೆ, 2,855 ಅಡಿ. ಅದರ ಆಚೆ-ಈಚೆ ಓವರ್‌ಲುಕ್‌ಗಳಿವೆ. ಹ್ಯಾನ್‌ಕಾಕ್, ಪೆಮಿ, ಗ್ರಹಾಂ. ಕಾರಿನಿಂದ ಇಳಿದರೆ ಸಾಕು, ಕಣಿವೆ ಕಾಣುತ್ತದೆ. ಇಳಿಯುವಾಗ ಸ್ಯಾಬಡೇ ಫಾಲ್ಸ್ ಸಿಗುತ್ತದೆ, ಕಾಡಿನೊಳಗೆ ಮೂರನೇ ಒಂದು ಮೈಲಿ ನಡಿಗೆ. ಅಪ್ಪ ಮತ್ತು ಮಗು ಹೋಗಿ ಬರಲಿ. ರಾಕಿ ಗಾರ್ಜ್, ಲೋವರ್ ಫಾಲ್ಸ್ ಎರಡೂ ರಸ್ತೆ ಪಕ್ಕದಲ್ಲೇ. ಕೊನೆಗೆ 1858ರ ಆಲ್ಬನಿ ಕವರ್ಡ್ ಬ್ರಿಡ್ಜ್, ಸೂರು ಇರುವ ಮರದ ಸೇತುವೆ.

ರಾತ್ರಿ ನಾರ್ತ್ ಕಾನ್ವೇಯಲ್ಲಿ ಉಳಿಯಿರಿ.

ಹಸಿರುಬೆಟ್ಟ · ಸೆಪ್ಟೆಂಬರ್ 22, ಬೆಳಗ್ಗೆ

ಕ್ಯಾಂಕ್ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ವಾರದ ದಿನವೂ ಟೂರ್ ಬಸ್‌ಗಳು ಬಂದು ನಿಂತರೆ ಓವರ್‌ಲುಕ್ ತುಂಬಿಬಿಡುತ್ತದೆ. ನಾನು ಬರ್ಲಿಂಗ್ಟನ್‌ನಲ್ಲಿರುವವಳು, ವರ್ಮಾಂಟ್ ಪರವಾಗಿ ಒಂದು ಮಾತು ಹೇಳುತ್ತೇನೆ.

ವೈಟ್ ಮೌಂಟನ್ಸ್‌ನಲ್ಲಿ ನೋಡುವುದು ಕಾಡು. ವರ್ಮಾಂಟ್‌ನಲ್ಲಿ ಕಾಡಿನ ಜೊತೆ ಊರು ಕಾಣುತ್ತದೆ. ಹಸು ಮೇಯುವ ಇಳಿಜಾರು, ಕೆಂಪು ಕೊಟ್ಟಿಗೆ, ಬಿಳಿ ಗೋಪುರದ ಚರ್ಚು, ಅದರ ಹಿಂದೆ ಬಣ್ಣದ ಬೆಟ್ಟ. ರಸ್ತೆ ಬದಿಯಲ್ಲಿ ಒಂದೇ ಒಂದು ಜಾಹೀರಾತು ಫಲಕ ಇರುವುದಿಲ್ಲ. 1968ರಿಂದಲೇ ಇಲ್ಲಿ ಬಿಲ್‌ಬೋರ್ಡ್‌ಗೆ ನಿಷೇಧ. ಬೇರೆ ರಾಜ್ಯದಿಂದ ಒಳಗೆ ಬರುತ್ತಿದ್ದ ಹಾಗೆ ಕಣ್ಣಿಗೆ ಆ ವ್ಯತ್ಯಾಸ ತಿಳಿಯುತ್ತದೆ.

ನೀವು ಹೇಳಿದ ದಿನಗಳಿಗೆ ಸ್ಟೋ ಕಡೆ ಬರಬೇಡಿ, ನಮ್ಮ ಉತ್ತರದಲ್ಲಿ ಆಗ ಎಲೆ ಉದುರುವುದು ಶುರುವಾಗಿರುತ್ತದೆ. ದಕ್ಷಿಣ ವರ್ಮಾಂಟ್ ಸರಿ ಹೋಗುತ್ತದೆ. ಬ್ರಾಟಲ್‌ಬರೋದಿಂದ ರೂಟ್ 9 ಹಿಡಿದು ಪಶ್ಚಿಮಕ್ಕೆ ಹೋದರೆ ಮಾರ್ಲ್‌ಬರೋದಲ್ಲಿ ಹಾಗ್‌ಬ್ಯಾಕ್ ಮೌಂಟನ್ ಸಿಗುತ್ತದೆ. ರಸ್ತೆಯಲ್ಲೇ ನಿಂತು ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್ ಮೂರೂ ರಾಜ್ಯದ ಬೆಟ್ಟ ನೋಡಬಹುದು. ಅಲ್ಲಿಂದ ವಿಲ್ಮಿಂಗ್ಟನ್, ಅಲ್ಲಿ ರೂಟ್ 100 ಹಿಡಿದು ಉತ್ತರಕ್ಕೆ ವೆಸ್ಟನ್‌ವರೆಗೆ. ವಾಪಸ್ ಬರುವಾಗ ರೂಟ್ 30ರಲ್ಲಿ ವೆಸ್ಟ್ ಡಮ್ಮರ್‌ಸ್ಟನ್‌ನ ಉದ್ದದ ಕವರ್ಡ್ ಬ್ರಿಡ್ಜ್, 1872ರದ್ದು. ಶ್ರೂಸ್‌ಬರಿಯಿಂದ ಇದು ಹತ್ತಿರವೂ ಹೌದು.

ಇನ್ನೊಂದು ವಿನಂತಿ. ಫೋಟೋದಲ್ಲಿ ನೋಡಿದ ತೋಟವನ್ನು ಹುಡುಕಿಕೊಂಡು ಬರಬೇಡಿ. ಪಾಮ್‌ಫ್ರೆಟ್ ಅನ್ನುವ ಸಣ್ಣ ಊರಿನಲ್ಲಿ ಒಂದು ಖಾಸಗಿ ಫಾರ್ಮ್ ಫೋಟೋಗೆ ಹೆಸರಾಗಿ, ಜನ ಅಂಗಳಕ್ಕೇ ನುಗ್ಗಿದರು. ಊರಿನ ಸಣ್ಣ ಮಣ್ಣಿನ ರಸ್ತೆಯಲ್ಲಿ ಕಾರು ಅಡ್ಡ ನಿಂತು ಅಲ್ಲಿಯವರಿಗೇ ಓಡಾಡಲು ಆಗಲಿಲ್ಲ. ಕೊನೆಗೆ 2023ರಲ್ಲಿ ಸೀಸನ್ ಪೂರ್ತಿ ಆ ರಸ್ತೆಯನ್ನು ಹೊರಗಿನವರಿಗೆ ಮುಚ್ಚಿದರು. ಬಹಳ ಬೇಜಾರಿನ ಸಂಗತಿ ಇದು. ಅದು ಯಾರದೋ ಮನೆ ಅಲ್ವಾ?

ಗಿಡಮರಬಳ್ಳಿ · ಸೆಪ್ಟೆಂಬರ್ 22, ಮಧ್ಯಾಹ್ನ

"ಬಣ್ಣ ಉಳಿದಿರುತ್ತಾ?" ಅಂತ ಕೇಳಿದ್ದೀರಿ. ನನ್ನ ಪ್ರಕಾರ ಮೊದಲು ಯೋಚಿಸಬೇಕಾದ ಪ್ರಶ್ನೆ ಇದೇ. ಜಾಗ ಆಮೇಲೆ.

ಎಲೆ ಬಣ್ಣಕ್ಕೆ ತಿರುಗುವುದು ಉತ್ತರದಿಂದ ದಕ್ಷಿಣಕ್ಕೆ, ಎತ್ತರದಿಂದ ತಗ್ಗಿಗೆ, ಒಳನಾಡಿನಿಂದ ಸಮುದ್ರದ ಕಡೆಗೆ. ಉತ್ತರದ ಬೆಟ್ಟಗಳಲ್ಲಿ ಸೆಪ್ಟೆಂಬರ್ ಕೊನೆ. ವೈಟ್ ಮೌಂಟನ್ಸ್‌ನಲ್ಲಿ ಅಕ್ಟೋಬರ್ ಮೊದಲ ಎರಡು ವಾರ. ಮ್ಯಾಸಚೂಸೆಟ್ಸ್ ಒಳಭಾಗದಲ್ಲಿ ಅಕ್ಟೋಬರ್ ಮಧ್ಯ. ಬಾಸ್ಟನ್ ಮತ್ತು ಕರಾವಳಿಯಲ್ಲಿ ಕೊನೆಯ ವಾರ. ಇದು ಅಂದಾಜು. ಪ್ರತಿ ವರ್ಷ ಕೆಲವು ದಿನ ಆಚೀಚೆ ಆಗುತ್ತದೆ. ಮಳೆ ಕಡಿಮೆಯಾದ ವರ್ಷ ಎಲೆ ಬೇಗ ಕಂದಾಗಿ ಉದುರುತ್ತದೆ. ಒಂದು ದಿನದ ಜೋರು ಗಾಳಿ-ಮಳೆ ಬಂದರೂ ಬೆಟ್ಟ ಬೋಳು.

ಹಾಗಾಗಿ 'ಪೀಕ್', ಅಂದರೆ ಬಣ್ಣ ತುಂಬಿ ನಿಲ್ಲುವ ಒಂದು ದಿನವನ್ನು ಹಿಡಿಯಲು ಹೋಗಬೇಡಿ. ಚಿಕ್ಕ ಪ್ರವಾಸಕ್ಕೆ ನಾನು ನೋಡುವುದು ಒಂದೇ: ಒಂದೇ ದಾರಿಯಲ್ಲಿ ಎತ್ತರ ಎಷ್ಟು ಬದಲಾಗುತ್ತದೆ? ಕ್ಯಾಂಕ್ ಈ ಲೆಕ್ಕದಲ್ಲಿ ಬಹಳ ಒಳ್ಳೆಯದು. ಲಿಂಕನ್ ಸುಮಾರು 800 ಅಡಿ, ಪಾಸ್ 2,855 ಅಡಿ, ಕಾನ್ವೇ 500 ಅಡಿ ಆಸುಪಾಸು. ಮೇಲೆ ಉದುರಿದ್ದರೆ ಕೆಳಗೆ ಕೆಂಪಗಿರುತ್ತದೆ. ಕೆಳಗೆ ಇನ್ನೂ ಹಸಿರಿದ್ದರೆ ಮೇಲೆ ಆಗಿರುತ್ತದೆ. ಯಾವ ವಾರ ಹೋದರೂ ದಾರಿಯ ಯಾವುದೋ ಒಂದು ಭಾಗ ಕೈಕೊಡುವುದಿಲ್ಲ. ಸಮತಟ್ಟು ಜಾಗ ಆರಿಸಿಕೊಂಡರೆ ಈ ಅನುಕೂಲ ಇಲ್ಲ.

ಮರ ಗುರುತಿಸಲು ಬಂದರೆ ಅಪ್ಪನಿಗೆ ಇನ್ನೂ ಖುಷಿ. ಜೌಗು ಜಾಗದ ರೆಡ್ ಮೇಪಲ್ ಎಲ್ಲಕ್ಕಿಂತ ಮುಂಚೆ ಕೆಂಪಾಗುತ್ತದೆ. ಶುಗರ್ ಮೇಪಲ್ ಕಿತ್ತಳೆ, ಒಂದೇ ಮರದಲ್ಲಿ ಹಳದಿ, ಕಿತ್ತಳೆ, ಕೆಂಪು ಮೂರೂ ಇರುತ್ತದೆ. ಬಿಳಿ ತೊಗಟೆಯ ಬರ್ಚ್ ಅಪ್ಪಟ ಹಳದಿ. ಬೀಚ್ ಮರ ತಾಮ್ರದ ಬಣ್ಣ. ಓಕ್ ಕೊನೆಯಲ್ಲಿ, ಕೆಂಗಂದು.

ತುಂಗಾತೀರ · ಸೆಪ್ಟೆಂಬರ್ 22, ರಾತ್ರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಅವರು ಒಂದು ಪ್ರಶ್ನೆ ಕೇಳಿದರು, ಗಿಡಮರಬಳ್ಳಿ ಅವರಿಗೆ. "ನಮ್ಮ ಕಡೆ ಮಾವು, ನಾಗಸಂಪಿಗೆ ಎಲ್ಲ ಚಿಗುರುವಾಗ ಕೆಂಪಾಗಿರುತ್ತೆ. ಇಲ್ಲಿ ಉದುರುವಾಗ ಯಾಕೆ ಕೆಂಪು?"

ಗಿಡಮರಬಳ್ಳಿ · ಸೆಪ್ಟೆಂಬರ್ 23, ಬೆಳಗ್ಗೆ

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಎಷ್ಟು ಒಳ್ಳೆಯ ಪ್ರಶ್ನೆ! ಎರಡೂ ಕಡೆ ಕೆಂಪು ಕೊಡುವುದು ಒಂದೇ ಜಾತಿಯ ಬಣ್ಣ, ಆಂಥೋಸಯನಿನ್.

ಇಲ್ಲಿ ಆಗುವುದು ಹೀಗೆ. ಹಗಲು ಚಿಕ್ಕದಾಗಿ ರಾತ್ರಿ ತಂಪಾದಾಗ ಮರ ಎಲೆಯ ತೊಟ್ಟಿನ ಬುಡದಲ್ಲಿ ಬೆಂಡಿನಂಥ ಒಂದು ಪದರ ಕಟ್ಟಿಕೊಳ್ಳುತ್ತದೆ. ನೀರು, ಸಕ್ಕರೆ ಓಡಾಡುವ ದಾರಿ ನಿಧಾನವಾಗಿ ಮುಚ್ಚುತ್ತದೆ. ಹಸಿರು ಕೊಡುವ ಕ್ಲೋರೋಫಿಲ್ ಒಡೆದು ಹೋಗುತ್ತದೆ. ಹಳದಿ ಬಣ್ಣ ಎಲೆಯಲ್ಲಿ ಮೊದಲಿಂದಲೂ ಇತ್ತು, ಹಸಿರಿನ ಹಿಂದೆ ಮುಚ್ಚಿಹೋಗಿತ್ತು, ಈಗ ಕಾಣುತ್ತದೆ. ಕೆಂಪು ಹಾಗಲ್ಲ. ಎಲೆಯಲ್ಲಿ ಸಿಕ್ಕಿಬಿದ್ದ ಸಕ್ಕರೆಯಿಂದ ಆ ದಿನಗಳಲ್ಲೇ ಹೊಸದಾಗಿ ತಯಾರಾಗುತ್ತದೆ. ಬಿಸಿಲಿನ ಹಗಲು, ಹಿಮ ಕಟ್ಟದಷ್ಟು ತಂಪಿನ ರಾತ್ರಿ ಒಂದಾದ ಮೇಲೊಂದು ಬಂದರೆ ಕೆಂಪು ಗಾಢವಾಗುತ್ತದೆ. ಒಂದೇ ಮರದಲ್ಲಿ ಬಿಸಿಲು ಬೀಳುವ ಮಗ್ಗುಲು ಹೆಚ್ಚು ಕೆಂಪಗೆ, ನೆರಳಿನ ಮಗ್ಗುಲು ಹಳದಿಯಾಗಿ ಇರುವುದನ್ನು ಅಮ್ಮನಿಗೆ ತೋರಿಸಿ.

ನಮ್ಮ ಮಲೆನಾಡಿನ ಚಿಗುರಿನಲ್ಲಿ ಕ್ಲೋರೋಫಿಲ್ ಇನ್ನೂ ತುಂಬಿರುವುದಿಲ್ಲ, ಆಗ ಆ ಕೆಂಪು ಕಾಣುತ್ತದೆ. ಬಲಿತ ಮೇಲೆ ಹಸಿರು. ಎಳೆ ಎಲೆಯನ್ನು ಜೋರು ಬಿಸಿಲಿನಿಂದ ಕಾಪಾಡಲು ಅದು ಸಹಾಯಕ ಅಂತ ಹೇಳುತ್ತಾರೆ.

ರೈಲುಬಂಡಿ · ಸೆಪ್ಟೆಂಬರ್ 23, ಮಧ್ಯಾಹ್ನ

ನಡೆಯಲು ಆಗದ ಹಿರಿಯರಿಗೆ ರೈಲು ಮರೆಯಬೇಡಿ. ನಾರ್ತ್ ಕಾನ್ವೇಯಲ್ಲಿ 1874ರ ಹಳೆಯ ಸ್ಟೇಷನ್ ಇದೆ. ಅಲ್ಲಿಂದ ಕಾನ್ವೇ ಸೀನಿಕ್ ರೈಲ್‌ರೋಡ್ ಬಂಡಿಗಳು ಹೊರಡುತ್ತವೆ. ಕ್ರಾಫರ್ಡ್ ನಾಚ್ ಕಡೆ ಹೋಗುವ ಬಂಡಿ ಹೋಗಿ ಬರಲು ಸುಮಾರು ಐದು ಗಂಟೆ. ಎತ್ತರದ ಕಬ್ಬಿಣದ ಸೇತುವೆ ಮೇಲೆ ನಿಧಾನವಾಗಿ ದಾಟುವಾಗ ಕಣಿವೆ ಪೂರ್ತಿ ಕೆಳಗೆ ಕಾಣುತ್ತದೆ. ಐದು ಗಂಟೆ ಮಗುವಿಗೆ ಜಾಸ್ತಿ ಅನ್ನಿಸಿದರೆ ಕಣಿವೆಯೊಳಗೇ ಓಡುವ ಚಿಕ್ಕ ಸವಾರಿಯೂ ಇದೆ. ಅಕ್ಟೋಬರ್‌ಗೆ ಟಿಕೆಟ್ ಬೇಗ ಮುಗಿಯುತ್ತದೆ, ಇವತ್ತೇ ನೋಡಿ.

ಮೌಂಟ್ ವಾಷಿಂಗ್ಟನ್ ಹತ್ತುವ ಕಾಗ್ ರೈಲು ಇನ್ನೊಂದು. 1869ರಿಂದ ಓಡುತ್ತಿದೆ, ಹಲ್ಲಿನ ಚಕ್ರದ ಮೇಲೆ ಬೆಟ್ಟ ಹತ್ತಿದ ಜಗತ್ತಿನ ಮೊದಲ ರೈಲು ಅದು. ಶಿಖರ 6,288 ಅಡಿ. ನಮ್ಮ ಮುಳ್ಳಯ್ಯನಗಿರಿಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಮೇಲೆ ಮರವೇ ಇಲ್ಲ, ಅಕ್ಟೋಬರ್‌ನಲ್ಲೇ ಹಿಮ ಕಟ್ಟಿರಬಹುದು, ಗಾಳಿ ಭಯಂಕರ. ರೈಲಿಗಾಗಿ ಹೋಗಿ, ಎಲೆಗಾಗಿ ಬೇಡ. ಎರಡೇ ದಿನ ಅಂದರೆ ನಾನಂತೂ ಬಿಟ್ಟುಬಿಡುತ್ತೇನೆ.

ಎಡಿಸನ್‌ವಾಸಿ · ಸೆಪ್ಟೆಂಬರ್ 23, ಸಂಜೆ

ನ್ಯೂ ಜೆರ್ಸಿ ಕಡೆಯವರು ಯಾರಾದರೂ ಓದುತ್ತಿದ್ದರೆ: ಇಷ್ಟು ದೂರ ಹೋಗಲು ಆಗದಿದ್ದರೆ ಹಡ್ಸನ್ ನದಿ ಪಕ್ಕದ ಬೇರ್ ಮೌಂಟನ್ ನೋಡಿ. ಪರ್ಕಿನ್ಸ್ ಡ್ರೈವ್‌ನಲ್ಲಿ ಕಾರು ತುದಿವರೆಗೆ ಹೋಗುತ್ತದೆ. ಅಕ್ಟೋಬರ್ ಕೊನೆಯ ಹೊತ್ತಿಗೆ ಅಲ್ಲಿ ಬಣ್ಣ. ಒಂದೇ ದಿನದಲ್ಲಿ ಮುಗಿಯುತ್ತದೆ.

ಹಾಸನದಹಕ್ಕಿ · ಸೆಪ್ಟೆಂಬರ್ 23, ರಾತ್ರಿ

ನಾನು ಬಾಸ್ಟನ್‌ನಲ್ಲಿ ಓದುತ್ತಿರುವವನು, ಕಾರಿಲ್ಲ. ನನ್ನಂಥವರಿಗಾಗಿ ಬರೆಯುತ್ತಿದ್ದೇನೆ. ಆರೆಂಜ್ ಲೈನ್ ಮೆಟ್ರೋದ ಕೊನೆಯ ಸ್ಟಾಪ್ ಫಾರೆಸ್ಟ್ ಹಿಲ್ಸ್‌ನಲ್ಲಿ ಇಳಿದರೆ ಆರ್ನಾಲ್ಡ್ ಆರ್ಬೊರೇಟಂಗೆ ನಡೆದೇ ಹೋಗಬಹುದು. 1872ರಲ್ಲಿ ಶುರುವಾದ ಹಾರ್ವರ್ಡ್‌ನ ಮರಗಳ ತೋಟ. ಪ್ರವೇಶ ಉಚಿತ. ಪ್ರತಿ ಮರಕ್ಕೂ ಹೆಸರಿನ ಚೀಟಿ ಇರುತ್ತದೆ. ಕೇಂಬ್ರಿಜ್ ಕಡೆಯ ಮೌಂಟ್ ಆಬರ್ನ್ 1831ರ ಸ್ಮಶಾನ. ಸ್ಮಶಾನ ಅಂತ ಹಿಂಜರಿಯಬೇಡಿ, ಜನ ಗೌರವದಿಂದ ಮರ, ಹಕ್ಕಿ ನೋಡಲು ಬರುವ ಶಾಂತ ಜಾಗ. ಅಲ್ಲಿನ ಗೋಪುರ ಹತ್ತಿದರೆ ಮರಗಳ ತಲೆಯ ಮೇಲಿಂದ ಬಾಸ್ಟನ್ ಕಾಣುತ್ತದೆ. ಫಿಚ್‌ಬರ್ಗ್ ರೈಲಿನಲ್ಲಿ ಕಾನ್‌ಕಾರ್ಡ್‌ಗೆ ಹೋಗಿ ವಾಲ್ಡನ್ ಪಾಂಡ್‌ವರೆಗೆ ನಡೆಯಬಹುದು.

ಇವೆಲ್ಲ ಅಕ್ಟೋಬರ್ ಕೊನೆಗೆ. ತುಂಗಾತೀರ ಅಕ್ಕ, ಅಪ್ಪ-ಅಮ್ಮ ಹೊರಡುವ ಮುಂಚಿನ ವಾರ ಒಂದು ಮಧ್ಯಾಹ್ನ ಆರ್ಬೊರೇಟಂಗೆ ಕರೆದುಕೊಂಡು ಬನ್ನಿ. ಒಳಗಿನ ದೊಡ್ಡ ದಾರಿ ನಯವಾಗಿದೆ, ಬೆಂಚುಗಳಿವೆ.

ಸಾರುಅನ್ನ · ಸೆಪ್ಟೆಂಬರ್ 24, ಬೆಳಗ್ಗೆ

ಊಟದ ವಿಷಯ ಯಾರೂ ಹೇಳಲಿಲ್ಲ. ಕ್ಯಾಂಕ್ ದಾರಿಯಲ್ಲಿ ಹೋಟೆಲಿಲ್ಲ, ಗ್ಯಾಸ್ ಬಂಕ್ ಇಲ್ಲ, ಫೋನ್ ಸಿಗ್ನಲ್ ಬಹುಪಾಲು ಇಲ್ಲ. ನಾವು ಪುಳಿಯೋಗರೆ, ಚಪಾತಿ-ಚಟ್ನಿಪುಡಿ, ಮೊಸರನ್ನ ಕಟ್ಟಿಕೊಂಡು ಹೋಗುತ್ತೇವೆ. ಮೊಸರನ್ನಕ್ಕೆ ಹಾಲು ಜಾಸ್ತಿ ಹಾಕಿ, ಹುಳಿ ಬರುವುದಿಲ್ಲ. ಲೋವರ್ ಫಾಲ್ಸ್ ಹತ್ತಿರ ಪಿಕ್‌ನಿಕ್ ಮೇಜುಗಳಿವೆ. ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಇರಲಿ, ಹಿರಿಯರಿಗೆ ಆ ಚಳಿಯಲ್ಲಿ ಬೇಕೇ ಬೇಕು. ಟೊಪ್ಪಿ, ಕಾಲುಚೀಲ, ಶಾಲು ಮರೆಯಬೇಡಿ. ಬೆಳಗ್ಗೆ ಬಹಳ ಥಂಡಿ ಇರುತ್ತದೆ.

ಆಪಲ್ ತೋಟಗಳಲ್ಲಿ ಸೈಡರ್ (ಸೇಬಿನ ರಸ) ಹಾಕಿದ ಡೋನಟ್ ಘಮಘಮ ಅನ್ನುತ್ತದೆ. ಮೊಟ್ಟೆ ತಿನ್ನದವರು ಕೇಳಿ ತೆಗೆದುಕೊಳ್ಳಿ, ಸಾಮಾನ್ಯವಾಗಿ ಮೊಟ್ಟೆ ಹಾಕಿರುತ್ತಾರೆ. ಬಿಸಿ ಸೈಡರ್‌ಗೆ ಆ ಚಿಂತೆ ಇಲ್ಲ.

ಗಿಡಮರಬಳ್ಳಿ · ಸೆಪ್ಟೆಂಬರ್ 24, ಮಧ್ಯಾಹ್ನ

ಮಗು ಜೊತೆಗಿರುವುದರಿಂದ ಎರಡು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಒಂದು, ಪಾಯ್ಸನ್ ಐವಿ. ಈ ಬಳ್ಳಿಯೂ ಚೆಂದದ ಕೆಂಪಾಗುತ್ತದೆ, ಅದೂ ಬೇಗನೆ. ಒಂದು ತೊಟ್ಟಿಗೆ ಮೂರು ಎಲೆ, ನಡುವಿನ ಎಲೆಯ ತೊಟ್ಟು ಉದ್ದ. ಮರಕ್ಕೆ ಹಬ್ಬಿದ್ದರೆ ಬಳ್ಳಿಗೆ ಕೂದಲಿನಂಥ ಬೇರುಗಳಿರುತ್ತವೆ. ಮುಟ್ಟಿದರೆ ಮೈಮೇಲೆ ಗುಳ್ಳೆ ಎದ್ದು ವಾರಗಟ್ಟಲೆ ತುರಿಸುತ್ತದೆ. ಬಿದ್ದ ಎಲೆಯೂ ಹಾಗೇ ಮಾಡುತ್ತದೆ. ಹಿರಿಯರಿಗೂ ಹೇಳಿ, ಕೆಂಪು ಕಂಡ ತಕ್ಷಣ ಕೈ ಹಾಕುವುದು ಸಹಜ. ನೆಲದಲ್ಲಿ ಬಿದ್ದ ಮೇಪಲ್ ಎಲೆ ನೋಡಿದರೆ ಸಾಕು, ಕೊಂಬೆಯಿಂದ ಕೀಳುವುದು ಬೇಡ.

ಇನ್ನೊಂದು, ಟಿಕ್. ನಮ್ಮ ಉಣ್ಣೆಯ ಜಾತಿ. ಲೈಮ್ ರೋಗ ಹರಡುವ ಟಿಕ್ ಅಕ್ಟೋಬರ್, ನವೆಂಬರ್‌ನಲ್ಲಿ ಮತ್ತೆ ಚುರುಕಾಗುತ್ತದೆ. ಕಾಡಂಚಿನ ತರಗೆಲೆ ರಾಶಿಯೊಳಗೆ ಮಕ್ಕಳು ಹೊರಳಾಡುವುದು ಬೇಡ. ಪ್ಯಾಂಟು ಕಾಲುಚೀಲದೊಳಗೆ ಸೇರಿಸಿ. ರಾತ್ರಿ ಸ್ನಾನ ಮಾಡಿಸುವಾಗ ಕಿವಿ ಹಿಂದೆ, ಕಂಕುಳು, ಮಂಡಿ ಸಂದು, ತಲೆಕೂದಲ ಬುಡ ನೋಡಿ. ಅಪ್ಪನಿಗೂ ಇದು ಅನ್ವಯ, ಅವರು ಕಾಡಿನಲ್ಲಿ ನಡೆಯುವವರು.

ಹಸಿರುಬೆಟ್ಟ · ಸೆಪ್ಟೆಂಬರ್ 24, ಸಂಜೆ

ಗಿಡಮರಬಳ್ಳಿ ಅವರು ಹೇಳಿದ ಎತ್ತರದ ಲೆಕ್ಕ ನನಗೆ ಒಪ್ಪಿಗೆಯಾಯಿತು. ತುಂಗಾತೀರ ಅವರೇ, ಯಾವುದಾದರೂ ಒಂದೇ ರಾಜ್ಯ ಆರಿಸಿಕೊಳ್ಳಿ. ಒಂದು ದಿನ ಕ್ಯಾಂಕ್, ಮರುದಿನ ವರ್ಮಾಂಟ್ ಅಂತ ಓಡಿದರೆ ಅಪ್ಪ-ಅಮ್ಮ ಹಿಂದಿನ ಸೀಟಿನಲ್ಲೇ ಎರಡು ದಿನ ಕಳೆಯುತ್ತಾರೆ. ಒಂದು ಒಳ್ಳೆಯ ಮರದ ಕೆಳಗೆ ಅರ್ಧ ಗಂಟೆ ಸುಮ್ನೆ ಕೂರಲು ಸಮಯ ಕೊಡಿ. ಮೋಡ, ತುಂತುರು ಮಳೆಯ ದಿನ ಆದರೂ ನಿರಾಶೆ ಬೇಡ, ಒದ್ದೆಯಾದ ತೊಗಟೆ ಕಪ್ಪಾಗಿ ಎಲೆಯ ಬಣ್ಣ ಇನ್ನೂ ಎದ್ದು ಕಾಣುತ್ತದೆ.

ತುಂಗಾತೀರ · ಸೆಪ್ಟೆಂಬರ್ 25, ರಾತ್ರಿ

ಮನೆಯಲ್ಲಿ ಕೂತು ಮಾತಾಡಿದೆವು. ಈ ಸಲ ನ್ಯೂ ಹ್ಯಾಂಪ್‌ಶೈರ್. ಮಂಗಳವಾರ ಬೇಸಿನ್, ಕ್ಯಾಂಕ್, ಆಲ್ಬನಿ ಬ್ರಿಡ್ಜ್, ರಾತ್ರಿ ನಾರ್ತ್ ಕಾನ್ವೇ. ಬುಧವಾರ ಬೆಳಗ್ಗೆ ಚಿಕ್ಕ ರೈಲು ಸವಾರಿ, ಟಿಕೆಟ್ ಸಿಕ್ಕಿತು. ಆಮೇಲೆ ವಾಪಸ್ ಬರುವ ದಾರಿಯಲ್ಲಿ ಏನಾದರೂ ಇದೆಯಾ? ಅಮ್ಮ ಇಳಿಯದೆ ನೋಡುವಂಥದ್ದು?

ನ್ಯಾಶುವಾದಿಂದ · ಸೆಪ್ಟೆಂಬರ್ 25, ರಾತ್ರಿ

ಇದೆ. ಕಾನ್ವೇಯಿಂದ ರೂಟ್ 16ರಲ್ಲಿ ದಕ್ಷಿಣಕ್ಕೆ ಬನ್ನಿ. ಟ್ಯಾಮ್‌ವರ್ತ್ ಹತ್ತಿರ ಚಕೋರುವಾ ಕೆರೆ ರಸ್ತೆ ಪಕ್ಕದಲ್ಲೇ ಸಿಗುತ್ತದೆ. ಎದುರು ದಡದ ಮರಗಳು, ಅದರ ಹಿಂದೆ ಬೋಳು ಕಲ್ಲಿನ ತುದಿಯ ಚಕೋರುವಾ ಬೆಟ್ಟ. ಗಾಳಿ ಇಲ್ಲದಿದ್ದರೆ ಅಷ್ಟೂ ನೀರಿನಲ್ಲಿ ಕಾಣುತ್ತದೆ. ಅಮ್ಮ ಕಾರಿನಲ್ಲೇ ಕೂತು ನೋಡಬಹುದು. ಇದು ತಗ್ಗು ಜಾಗ, ನಿಮ್ಮ ದಿನಗಳಿಗೆ ಬಣ್ಣ ಚೆನ್ನಾಗಿರುವ ಸಂಭವ ಜಾಸ್ತಿ. ಸಮಯ ಉಳಿದರೆ ವಿನ್ನಿಪೆಸಾಕಿ ಸರೋವರದ ಬದಿಯ ವುಲ್ಫ್‌ಬರೋದಲ್ಲಿ ಒಂದು ಸುತ್ತು ಹಾಕಿ.

ಲಿಂಕನ್‌ನಲ್ಲೇ ಗ್ಯಾಸ್ ತುಂಬಿಸಿ, ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಕ್ಯಾಂಕ್ ಪಾರ್ಕಿಂಗ್‌ಗಳಲ್ಲಿ ಸಣ್ಣ ಶುಲ್ಕ ಇದೆ, ಚಿಲ್ಲರೆ ಡಾಲರ್ ಇಟ್ಟುಕೊಳ್ಳಿ. ದಾರಿಯ ಟಾಯ್ಲೆಟ್‌ಗಳು ಹೆಚ್ಚಿನವು ಫ್ಲಶ್ ಇಲ್ಲದವು, ಹಾಗಾಗಿ ಅಮ್ಮನನ್ನು ಲಿಂಕನ್‌ನಲ್ಲೇ ಹೋಗಿ ಬರಲು ಹೇಳಿ. ಅಕ್ಟೋಬರ್ ಮಧ್ಯದಲ್ಲಿ 6 ಗಂಟೆಗೆಲ್ಲ ಸೂರ್ಯ ಮುಳುಗಿ ಕತ್ತಲಾಗತೊಡಗುತ್ತದೆ, ಮೂಸ್ (ಭಾರೀ ಗಾತ್ರದ ಜಿಂಕೆ ಜಾತಿ) ರಸ್ತೆ ದಾಟುವುದೂ ಆಗಲೇ. 5ಕ್ಕೆ ನಾರ್ತ್ ಕಾನ್ವೇ ಸೇರಿಕೊಳ್ಳಿ. ರೂಮ್ ಇನ್ನೂ ಮಾಡಿಲ್ಲದಿದ್ದರೆ ಈ ರಾತ್ರಿಯೇ ಮಾಡಿ, ನೆಲಮಹಡಿಯದ್ದೇ ಬೇಕು ಅಂತ ಫೋನ್ ಮಾಡಿ ಹೇಳಿ. ಅಲ್ಲಿನ ಎಷ್ಟೋ ಹಳೆಯ ಇನ್‌ಗಳಲ್ಲಿ ಲಿಫ್ಟ್ ಇರುವುದಿಲ್ಲ.